ಲಕ್ವ ಹೊಡೆದವರು ಏಳದಿದ್ದರೆ ನೋಡಿಕೊಳ್ಳುವವರದ್ದೇ ತಪ್ಪೇ?

ಸರ್ವಜ್ಞನಗರ ಕಡೆಯ ಓದುಗರೊಬ್ಬರು ಇತ್ತೀಚೆಗೆ ನಮಗೆ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳುಹಿಸಿದರು. ಕೈಮುಗಿದ ಚಿತ್ರ, ಅದರ ಕೆಳಗೆ ನಾಲ್ಕೈದು ಸಾಲು. ಸಾರಾಂಶ ಇಷ್ಟು: ಲಕ್ವ ಹೊಡೆದವರನ್ನು ಎಬ್ಬಿಸಿ ನಡೆಸುವುದು ಔಷಧಿಯಲ್ಲ, ಮನೆಯವರ ಸೇವೆ. ಮನಸ್ಸಿಟ್ಟು ಸೇವೆ ಮಾಡಿದರೆ ಮೂರು ತಿಂಗಳಲ್ಲಿ ರೋಗಿ ಎದ್ದು ಓಡಾಡುತ್ತಾರೆ. ಏಳಲಿಲ್ಲವೆಂದರೆ ಸೇವೆಯಲ್ಲೇ ಏನೋ ಕೊರತೆ ಇದೆ.

ಇಂಥ ಸಂದೇಶಗಳು ನಮಗೆ ದಿನವೂ ಬರುತ್ತವೆ. ಆದರೆ ಇದರ ಜೊತೆಗೆ ಅವರು ಬರೆದಿದ್ದನ್ನು ಓದಿದ ಮೇಲೆ ಬದಿಗಿಡಲು ಆಗಲಿಲ್ಲ. ಅವರ ಅತ್ತೆಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷವಾಗಿದೆ. ಬಲಗೈ, ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಕೆಲಸ ಬಿಟ್ಟು ನೋಡಿಕೊಳ್ಳುತ್ತಿರುವುದು ಇವರೇ. ಫಾರ್ವರ್ಡ್ ಬಂದದ್ದು ಮನೆಯವರ ಗ್ರೂಪಿನಲ್ಲಿ, ಹಾಕಿದವರು ಬೇರೆ ಊರಲ್ಲಿರುವ ಸಂಬಂಧಿಕರು. ‘ಹಾಗಾದರೆ ನನ್ನಿಂದ ಏನು ತಪ್ಪಾಯಿತು?’ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಫಾರ್ವರ್ಡ್ ಸುಳ್ಳು. ರೋಗಿ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ನೋಡಿಕೊಳ್ಳುವವರ ಭಕ್ತಿ ತೀರ್ಮಾನಿಸುವುದಿಲ್ಲ. ಇದನ್ನು ಭಾರತದಲ್ಲೇ, ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ ನೋಡಲಾಗಿದೆ. ಜೊತೆಗೆ ಈ ಫಾರ್ವರ್ಡ್ ಒಬ್ಬರ ಮೇಲೆ ಇಡೀ ಮನೆಯ ಹೊರೆ ಹೊರಿಸಿ, ಅವರು ಕುಸಿದಾಗ ಅವರನ್ನೇ ದೂರುತ್ತದೆ. ಅದು ಸುಳ್ಳಿಗಿಂತ ದೊಡ್ಡ ತೊಂದರೆ. ಒಂದೊಂದಾಗಿ ನೋಡೋಣ.

ಚೇತರಿಕೆಯನ್ನು ತೀರ್ಮಾನಿಸುವುದು ಯಾವುದು?

ಪಾರ್ಶ್ವವಾಯು, ಲಕ್ವ, ಸ್ಟ್ರೋಕ್ ಎಂದು ನಾವು ಕರೆಯುವುದು ಮೂಲತಃ ಮಿದುಳಿನ ತೊಂದರೆ, ಕೈಕಾಲಿನದ್ದಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ತಜ್ಞರು ಅಂದಾಜಿಸಿದ್ದಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ವೈದ್ಯರು ‘ಬೇಗ ಬನ್ನಿ’ ಎಂದು ಬಡಿದುಕೊಳ್ಳುವುದು ಇದಕ್ಕೇ.

ಆದ್ದರಿಂದ ಚೇತರಿಕೆಯ ದೊಡ್ಡ ಪಾಲು ತೀರ್ಮಾನವಾಗುವುದು ಈ ಸಂಗತಿಗಳಿಂದ: ಮಿದುಳಿನ ಎಷ್ಟು ಭಾಗ ಹಾನಿಯಾಯಿತು, ಯಾವ ಜಾಗ, ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು, ರೋಗಿಯ ವಯಸ್ಸೆಷ್ಟು, ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗಳಿವೆಯೇ. ಇವುಗಳಲ್ಲಿ ಹೆಚ್ಚಿನವು ರೋಗಿ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತವೆ.

ಹಾಗಾದರೆ ‘ಮೂರು ತಿಂಗಳು’ ಎಂಬ ಮಾತು ಎಲ್ಲಿಂದ ಬಂತು? ಅದರಲ್ಲಿ ಅರ್ಧ ಸತ್ಯವಿದೆ. ಮಿದುಳಿನ ಉಳಿದ ಭಾಗಗಳು ಹೊಸ ಜೋಡಣೆ ಮಾಡಿಕೊಂಡು ಕೆಲಸ ಕಲಿಯುತ್ತವೆ. ಕೈಕಾಲಿನ ಚಲನೆ ವೇಗವಾಗಿ ಸುಧಾರಿಸುವುದು ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ. ಆಮೇಲೆ ವೇಗ ಕಡಿಮೆಯಾಗುತ್ತದೆ, ಆದರೆ ಸುಧಾರಣೆ ನಿಂತುಹೋಗುವುದಿಲ್ಲ. ಮಾತು ಮತ್ತು ದಿನನಿತ್ಯದ ಕೆಲಸಗಳಲ್ಲಿ ವರ್ಷದ ನಂತರವೂ ಸುಧಾರಣೆ ಕಾಣುವವರಿದ್ದಾರೆ. ಅಂದರೆ ಮೂರು ತಿಂಗಳಾದ ಮೇಲೆ ‘ಇನ್ನು ಆಗುವುದಿಲ್ಲ’ ಎಂದು ಕೈಬಿಡುವುದೂ ತಪ್ಪು, ‘ಮೂರು ತಿಂಗಳಾಯಿತು, ಯಾಕೆ ಏಳಲಿಲ್ಲ?’ ಎಂದು ಕೇಳುವುದೂ ತಪ್ಪು.

ಭಾರತದಲ್ಲೇ ಮಾಡಿ ನೋಡಿದ ಪರೀಕ್ಷೆ

ನಮ್ಮಲ್ಲಿ ಸ್ಟ್ರೋಕ್ ಆದವರಿಗೆ ದೀರ್ಘಕಾಲ ತರಬೇತಿ ಕೊಡುವ ಪುನಶ್ಚೇತನ ಕೇಂದ್ರಗಳು ಕಡಿಮೆ. ಮನೆಯವರಿಗೇ ವ್ಯಾಯಾಮ, ಎತ್ತುವುದು, ಕೂರಿಸುವುದು ಎಲ್ಲವನ್ನೂ ಕಲಿಸಿಕೊಟ್ಟರೆ ಹೇಗೆ ಎಂಬ ಯೋಚನೆ ಸಹಜವಾಗಿಯೇ ಬಂತು. ಅದನ್ನು ಪರೀಕ್ಷಿಸಲು ‘ಅಟೆಂಡ್’ ಎಂಬ ಅಧ್ಯಯನ ನಡೆಯಿತು. 2014ರ ಜನವರಿಯಿಂದ 2016ರ ಫೆಬ್ರುವರಿವರೆಗೆ ದೇಶದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ಎಂದಿನ ಆರೈಕೆ. ಉಳಿದರ್ಧ ಜನರಿಗೆ ಎಂದಿನ ಆರೈಕೆಯ ಜೊತೆಗೆ, ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲೂ ಆಮೇಲೆ ಮನೆಯಲ್ಲೂ ವಿಶೇಷ ತರಬೇತಿ. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಮೇಲೆ ಅವಲಂಬಿತರಾಗಿ ಉಳಿದವರು ಎಷ್ಟು ಎಂದು ಲೆಕ್ಕ ಹಾಕಿದರು. ತರಬೇತಿ ಪಡೆದ ಗುಂಪಿನಲ್ಲಿ ನೂರಕ್ಕೆ 47. ತರಬೇತಿ ಇಲ್ಲದ ಗುಂಪಿನಲ್ಲೂ ನೂರಕ್ಕೆ 47.

ಈ ಅಂಕಿ ನಮ್ಮ ಓದುಗರ ಪ್ರಶ್ನೆಗೆ ನೇರ ಉತ್ತರ. ತಜ್ಞರಿಂದ ಕಲಿತು, ಮನೆಗೇ ಬಂದು ತಿದ್ದುವವರಿದ್ದು, ಶ್ರದ್ಧೆಯಿಂದ ಮಾಡಿದ ಕುಟುಂಬಗಳಲ್ಲೂ ಸುಮಾರು ಅರ್ಧ ರೋಗಿಗಳು ತೀರಿಕೊಂಡರು ಅಥವಾ ಅವಲಂಬಿತರಾಗಿಯೇ ಉಳಿದರು. ಹಾಗಿರುವಾಗ ಒಬ್ಬ ಸೊಸೆ, ಒಬ್ಬ ಮಗ, ಒಬ್ಬ ಹೆಂಡತಿ ‘ಸರಿಯಾಗಿ ಸೇವೆ ಮಾಡಲಿಲ್ಲ’ ಎಂದು ಹೇಳಲು ಯಾವ ಆಧಾರವೂ ಇಲ್ಲ.

ಇದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಬೇಡಿ. ಫಿಸಿಯೋಥೆರಪಿ ಪ್ರಯೋಜನವಿಲ್ಲ ಎಂದು ಈ ಅಧ್ಯಯನ ಹೇಳುವುದಿಲ್ಲ. ಎರಡೂ ಗುಂಪಿನವರಿಗೆ ಎಂದಿನ ಚಿಕಿತ್ಸೆ ಸಿಗುತ್ತಿತ್ತು. ಅದು ಹೇಳುವುದು, ಪರಿಣತರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿಬಿಟ್ಟರೆ ಫಲಿತಾಂಶ ಬದಲಾಗುವುದಿಲ್ಲ ಎಂದು. ಬ್ರಿಟನ್ನಿನಲ್ಲೂ ಇಂಥದ್ದೇ ಅಧ್ಯಯನ ನಡೆದಿತ್ತು. 36 ಸ್ಟ್ರೋಕ್ ಘಟಕಗಳಲ್ಲಿ 928 ರೋಗಿ-ಆರೈಕೆದಾರ ಜೋಡಿಗಳ ಮೇಲೆ ನಡೆದ ಅದರ ಫಲಿತಾಂಶ 2013ರಲ್ಲಿ ಬಂತು. ಅಲ್ಲೂ ತರಬೇತಿಯೊಂದರಿಂದಲೇ ರೋಗಿಯ ಚೇತರಿಕೆ ಹೆಚ್ಚಲಿಲ್ಲ, ಆರೈಕೆ ಮಾಡುವವರ ಹೊರೆಯೂ ಇಳಿಯಲಿಲ್ಲ.

‘ಮನಸ್ಸು ಗಟ್ಟಿ ಇದ್ದರೆ ದಣಿವಾಗುವುದಿಲ್ಲ’ ಎಂಬುದು ನಿಜವೇ?

ಇದೂ ಇಂಥ ಫಾರ್ವರ್ಡ್‌ಗಳ ಜೊತೆ ಬರುವ ಮಾತು. ಲೆಕ್ಕ ಹಾಕಿ ನೋಡಿ. ತಾವಾಗಿ ಮಗ್ಗುಲು ಬದಲಿಸಲಾಗದ ರೋಗಿಗೆ ಬೆಡ್‌ಸೋರ್ ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಏಳುವವರು ನಡುವೆ 12ಕ್ಕೆ, 2ಕ್ಕೆ, 4ಕ್ಕೆ ಎದ್ದಿರಬೇಕು. ಅಂದರೆ ಒಮ್ಮೆಯೂ ಸತತ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಇಲ್ಲ. ಒಬ್ಬರೇ ಇದನ್ನು ತಿಂಗಳುಗಟ್ಟಲೆ ಮಾಡಿದರೆ ಯಾವ ಮನೋಬಲವೂ ನಿದ್ದೆಯ ಬದಲಿಗೆ ನಿಲ್ಲುವುದಿಲ್ಲ.

ಇದರ ಅಪಾಯವೂ ಅಳತೆಗೆ ಸಿಕ್ಕಿದೆ. ಅಮೆರಿಕದಲ್ಲಿ ಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಆರೈಕೆಯಿಂದ ಒತ್ತಡಕ್ಕೆ ಸಿಕ್ಕಿದವರಲ್ಲಿ ಸಾವಿನ ಅಪಾಯ, ಅಂಥ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಆದರೆ ಆರೈಕೆ ಮಾಡುತ್ತಿದ್ದರೂ ಒತ್ತಡಕ್ಕೆ ಸಿಕ್ಕದವರಲ್ಲಿ ಈ ಹೆಚ್ಚಳ ಕಾಣಲಿಲ್ಲ. 2013ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಂತೂ ಆರೈಕೆ ಮಾಡುವವರಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಶೇ 18ರಷ್ಟು ಕಡಿಮೆಯೇ ಇತ್ತು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ತನ್ನವರನ್ನು ನೋಡಿಕೊಳ್ಳುವುದು ಆರೋಗ್ಯಕ್ಕೆ ಕೆಟ್ಟದ್ದಲ್ಲ. ನೆರವಿಲ್ಲದೆ, ಬಿಡುವಿಲ್ಲದೆ ಒಬ್ಬರೇ ನೋಡಿಕೊಳ್ಳುವುದು ಕೆಟ್ಟದ್ದು. ತಾಳಿಕೊಳ್ಳುವ ಶಕ್ತಿ ಎನ್ನುವುದು ಹುಟ್ಟುಗುಣವಲ್ಲ. ನಿದ್ದೆ, ಹಣ, ಕೌಶಲ, ಕೈ ಜೋಡಿಸುವ ಜನ ಇವೆಲ್ಲ ಸೇರಿ ಅದು ತಯಾರಾಗುತ್ತದೆ.

ಆ ಜೋಡಿಸುವ ಕೈಗಳು ಯಾರವು ಎಂಬುದನ್ನೂ ನೋಡಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಜನ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಶೇ 21.4 ಮಾತ್ರ. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ. ‘ಸೇವೆಯಲ್ಲಿ ಕೊರತೆ’ ಎಂಬ ಫಾರ್ವರ್ಡ್ ಹೆಚ್ಚಾಗಿ ಯಾರಿಗೆ ತಾಗುತ್ತದೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಹೊರೆ ಹಂಚುವುದು ಎಂದರೆ ಏನೇನು?

‘ನಾವಿದ್ದೇವೆ’ ಎಂದರೆ ಸಾಲದು. ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಬರೆಯಬೇಕು.

*ರಾತ್ರಿ ಪಾಳಿ.* ಮನೆಯಲ್ಲಿ ಇಬ್ಬರು ವಯಸ್ಕರಿದ್ದರೆ ರಾತ್ರಿಯನ್ನು ಎರಡಾಗಿ ಹಂಚಿ. ಒಬ್ಬರೇ ಇದ್ದರೆ ವಾರಕ್ಕೆ ಎರಡು ರಾತ್ರಿಯಾದರೂ ಬೇರೆಯವರು ಬಂದು ಮಲಗಲಿ. ಏರ್ ಬೆಡ್ ಹಾಕಿದರೆ ಮಗ್ಗುಲು ಬದಲಿಸುವ ಅಂತರ ಹೆಚ್ಚಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ತೀರ್ಮಾನಿಸಬೇಡಿ.

*ಎತ್ತುವುದು, ಕೂರಿಸುವುದು.* ಸ್ವಾಧೀನ ತಪ್ಪಿದ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರಬಹುದು. ನಿಮ್ಮ ಸೊಂಟಕ್ಕೂ ಪೆಟ್ಟಾಗುತ್ತದೆ. ಫಿಸಿಯೋಥೆರಪಿಸ್ಟ್ ತೋರಿಸಿಕೊಡುವಾಗ ಮನೆಯ ಇಬ್ಬರಾದರೂ ಕಲಿಯಿರಿ, ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಒಬ್ಬರಿಗೇ ಗೊತ್ತಿದ್ದರೆ ಆ ಒಬ್ಬರಿಗೆ ಜ್ವರ ಬಂದ ದಿನ ಎಲ್ಲ ನಿಲ್ಲುತ್ತದೆ.

*ಊಟ.* ಮಲಗಿಸಿ ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ, ನುಂಗಿದ್ದು ಖಚಿತವಾದ ಮೇಲೆ ಮುಂದಿನದ್ದು. ನೀರು ಕುಡಿಯುವಾಗ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ ವೈದ್ಯರಿಗೆ ತಿಳಿಸಿ. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

*ಮಾತು.* ಕಮ್ಮನಹಳ್ಳಿ, ಲಿಂಗರಾಜಪುರ, ಬಾಣಸವಾಡಿ ಕಡೆಯ ಎಷ್ಟೋ ಮನೆಗಳಲ್ಲಿ ದಿನಕ್ಕೆ ಮೂರು ನಾಲ್ಕು ಭಾಷೆ ಓಡಾಡುತ್ತವೆ. ಮಿದುಳಿನ ಮಾತಿನ ಭಾಗಕ್ಕೆ ಪೆಟ್ಟಾದವರಲ್ಲಿ ಒಂದು ಭಾಷೆ ಬೇಗ, ಇನ್ನೊಂದು ತಡವಾಗಿ ಮರಳಬಹುದು. ಅವರಿಗೆ ಸುಲಭವಾಗುವ ಭಾಷೆಯನ್ನೇ ಎಲ್ಲರೂ ಬಳಸಿ. ಒಂದೇ ಸಲಕ್ಕೆ ಒಂದೇ ಪ್ರಶ್ನೆ, ಅದೂ ಹೌದು-ಇಲ್ಲ ಎಂದು ತಲೆಯಾಡಿಸುವಂಥದ್ದು. ಮಾತು ಬಾರದಿದ್ದರೆ ಬುದ್ಧಿ ಹೋಗಿದೆ ಎಂದಲ್ಲ. ಅವರ ಎದುರೇ ಅವರ ಬಗ್ಗೆ ಮಾತಾಡಬೇಡಿ.

*ಅಳು, ಸಿಟ್ಟು, ಸುಮ್ಮನಿರುವುದು.* ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಕಾರಣವಿಲ್ಲದೆ ಅಳು ಅಥವಾ ನಗು ಉಕ್ಕಿಬರುವುದೂ ಉಂಟು. ಇದು ಹಟವಲ್ಲ, ನಿಮ್ಮ ಮೇಲಿನ ಸಿಟ್ಟೂ ಅಲ್ಲ. ಔಷಧಿ ಮತ್ತು ಆಪ್ತ ಸಮಾಲೋಚನೆಯಿಂದ ಸುಧಾರಿಸುತ್ತದೆ, ವೈದ್ಯರ ಬಳಿ ಹೇಳಿ.

*ದೂರದಲ್ಲಿರುವವರ ಕೆಲಸ.* ದುಬೈ, ಅಮೆರಿಕ, ಹುಬ್ಬಳ್ಳಿ, ಎಲ್ಲೇ ಇರಲಿ, ಮಾಡಬಹುದಾದ ಕೆಲಸ ಬಹಳಷ್ಟಿದೆ. ಔಷಧಿ ತರಿಸುವುದು, ಆಸ್ಪತ್ರೆಯ ದಿನಾಂಕ ನೆನಪಿಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಫಿಸಿಯೋಥೆರಪಿ ಅಥವಾ ಹಗಲು ಹೊತ್ತಿನ ಸಹಾಯಕರ ಖರ್ಚು ಹಂಚಿಕೊಳ್ಳುವುದು, ದಿನಕ್ಕೆ ಅರ್ಧ ಗಂಟೆ ವಿಡಿಯೊ ಕಾಲ್‌ನಲ್ಲಿ ರೋಗಿಯ ಜೊತೆ ಕೂರುವುದು. ಆ ಅರ್ಧ ಗಂಟೆಯಲ್ಲಿ ನೋಡಿಕೊಳ್ಳುವವರು ಸ್ನಾನ ಮಾಡಿ ಬಿಸಿ ಊಟ ಮಾಡಬಹುದು.

*ನಿಮ್ಮದೇ ಮಾತ್ರೆ.* ರೋಗಿಯ ಬಿಪಿ ನೋಡುವ ದಿನ ನಿಮ್ಮದನ್ನೂ ನೋಡಿಸಿ. ಮನೆಯವರ ಮಾತ್ರೆ ತಪ್ಪಿಸದೆ ಕೊಟ್ಟು ತನ್ನ ಸಕ್ಕರೆ ಮಾತ್ರೆ ಮರೆಯುವುದು ಆರೈಕೆ ಮಾಡುವವರಲ್ಲಿ ತೀರಾ ಸಾಮಾನ್ಯ.

ಒಂದು ಫೋನ್ ಕರೆಯಿಂದ ಏನಾದೀತು?

ಆಗುತ್ತದೆ. ಸ್ಟ್ರೋಕ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 74 ಜನರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕೆಲವರ ಮನೆಗೆ ತರಬೇತಾದ ನರ್ಸ್ ಒಮ್ಮೆ ಭೇಟಿ ಕೊಟ್ಟು, ಆಮೇಲೆ 12 ವಾರಗಳವರೆಗೆ ಫೋನ್ ಮಾಡುತ್ತಿದ್ದರು. ಬರೀ ಧೈರ್ಯ ಹೇಳುವ ಕರೆಯಲ್ಲ ಅದು. ಈ ವಾರದ ತೊಂದರೆ ಯಾವುದು, ಅದಕ್ಕೆ ದಾರಿ ಏನೇನಿದೆ, ಯಾವುದನ್ನು ಮೊದಲು ಮಾಡಿ ನೋಡೋಣ ಎಂದು ಜೊತೆಗೂಡಿ ಯೋಚಿಸುವ ಕರೆ. ಅಂಥ ಕರೆ ಬಂದವರಲ್ಲಿ ಖಿನ್ನತೆ ಕಡಿಮೆಯಾಗಿತ್ತು, ಸಮಸ್ಯೆ ಬಿಡಿಸುವ ಶಕ್ತಿ ಹೆಚ್ಚಿತ್ತು.

ನಮ್ಮಲ್ಲಿ ಪ್ರತಿ ಮನೆಗೂ ನರ್ಸ್ ಫೋನ್ ಮಾಡುವ ವ್ಯವಸ್ಥೆ ಇಲ್ಲ. ಆದರೆ ನೀವು ಆ ಮೂರು ಪ್ರಶ್ನೆಗಳನ್ನು ಕೇಳಬಹುದು. ‘ಹೇಗಿದ್ದಾರೆ?’ ಎಂದು ರೋಗಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ‘ನೀನು ನಿನ್ನೆ ಎಷ್ಟು ಗಂಟೆ ಮಲಗಿದೆ?’ ಎಂದು ಕೇಳುವವರು ಕಡಿಮೆ.

ಸರ್ವಜ್ಞನಗರದ ಸುತ್ತಮುತ್ತ ಎಲ್ಲಿ ನೆರವು ಕೇಳಬಹುದು?

* ಲಿಂಗರಾಜಪುರದಲ್ಲಿ, ಹೆಣ್ಣೂರು ಮುಖ್ಯರಸ್ತೆಯ ಹತ್ತಿರವೇ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಸಂಸ್ಥೆ ಇದೆ. ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಇದು. ಗಾಲಿಕುರ್ಚಿಯಂಥ ಸಾಧನಗಳು, ಪುನಶ್ಚೇತನದ ಬಗ್ಗೆ ಇಲ್ಲಿ ವಿಚಾರಿಸಬಹುದು.
* ಸರ್ಕಾರಿ ಆಸ್ಪತ್ರೆಗಳ ಪೈಕಿ ಶಿವಾಜಿನಗರದ ಬೌರಿಂಗ್ ಮತ್ತು ಇಂದಿರಾನಗರದ ಸರ್ ಸಿ. ವಿ. ರಾಮನ್ ಆಸ್ಪತ್ರೆ ಈ ಭಾಗಕ್ಕೆ ಹತ್ತಿರ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ.
* ಮನಸ್ಸು ಕುಸಿದಾಗ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ನೋಡಿಕೊಳ್ಳುವವರೂ ಮಾಡಬಹುದು.
* ಹಿರಿಯ ನಾಗರಿಕರಿಗೆ ಸಂಬಂಧಿಸಿದ ಮಾಹಿತಿ, ನೆರವಿಗೆ ‘ಎಲ್ಡರ್ ಲೈನ್’ 14567.
* ಸ್ಟ್ರೋಕ್‌ನಿಂದ ಶಾಶ್ವತ ಚಲನೆಯ ತೊಂದರೆ ಉಳಿದರೆ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ದಾಖಲಾಗಿರಬೇಕು.

ಒಂದು ವಿಷಯ ನೇರವಾಗಿ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಪ್ರಸ್ತಾಪವಿದೆ. ಕರ್ನಾಟಕ ಸರ್ಕಾರ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆ ಪಟ್ಟಿಯಲ್ಲಿ ಪಾರ್ಶ್ವವಾಯುವಿನ ಹೆಸರಿರಲಿಲ್ಲ. ಹಾಸಿಗೆ ಹಿಡಿದ ಸ್ಟ್ರೋಕ್ ರೋಗಿಯನ್ನು ನೋಡಿಕೊಳ್ಳುವವರ ಕೆಲಸವೂ ಅಷ್ಟೇ ಕಷ್ಟದ್ದು. ಫಾರ್ವರ್ಡ್ ಮಾಡುವ ಉತ್ಸಾಹ ಇರುವವರು ನಿಮ್ಮ ಶಾಸಕರಿಗೆ, ಅಂಗವಿಕಲರ ಕಲ್ಯಾಣ ಇಲಾಖೆಗೆ ಈ ಬಗ್ಗೆ ಬರೆಯಬಹುದು.

ಇವುಗಳನ್ನೂ ಫಾರ್ವರ್ಡ್ ಮಾಡಬೇಡಿ

*ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸ್ಟ್ರೋಕ್ ನಿಲ್ಲುತ್ತದೆ.* ಸುಳ್ಳು. ಬೆರಳ ರಕ್ತಕ್ಕೂ ಮಿದುಳಿನ ನಾಳಕ್ಕೂ ಸಂಬಂಧವಿಲ್ಲ. ಹೋಗುವುದು ಅಮೂಲ್ಯ ನಿಮಿಷಗಳು. ಮುಖ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದು ದಿಢೀರನೆ ಕಂಡರೂ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ.

*ಪಾರಿವಾಳದ ರಕ್ತ ಅಥವಾ ಇಂಥ ಎಣ್ಣೆ ಹಚ್ಚಿದರೆ ಲಕ್ವ ವಾಸಿ.* ಸುಳ್ಳು. ಹಾನಿಯಾದದ್ದು ಮಿದುಳಿಗೆ, ಚರ್ಮಕ್ಕೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ. ಸ್ಪರ್ಶಜ್ಞಾನ ಕಡಿಮೆಯಾದ ಕೈಕಾಲಿಗೆ ಬಿಸಿ ಎಣ್ಣೆ ಹಾಕಿದರೆ ಸುಟ್ಟದ್ದೂ ಗೊತ್ತಾಗದೆ ಗಾಯವಾಗಬಹುದು.

*ನಾಟಿ ಔಷಧಿ ಶುರು ಮಾಡುವಾಗ ಆಸ್ಪತ್ರೆ ಮಾತ್ರೆ ನಿಲ್ಲಿಸಬೇಕು.* ಅಪಾಯಕಾರಿ. ಬಿಪಿ ಮಾತ್ರೆ, ರಕ್ತ ತಿಳಿಗೊಳಿಸುವ ಮಾತ್ರೆಗಳು ಎರಡನೇ ಸ್ಟ್ರೋಕ್ ತಡೆಯಲು ಕೊಟ್ಟಿರುವುದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ನೋಡಿಕೊಳ್ಳುವವರು ಯಾವಾಗ ನೆರವು ಕೇಳಲೇಬೇಕು?

ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಸಣ್ಣದಕ್ಕೂ ಅಳು ಬಂದರೆ, ರೋಗಿಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂದರೆ, ‘ಇದೆಲ್ಲ ಮುಗಿದುಹೋಗಲಿ’ ಎನಿಸತೊಡಗಿದರೆ ಅದನ್ನು ಮುಚ್ಚಿಡಬೇಡಿ. ಇದು ದುರ್ಗುಣವಲ್ಲ, ಹೊರೆ ಮಿತಿ ಮೀರಿದೆ ಎಂಬುದರ ಸೂಚನೆ. ಮನೆಯ ಒಬ್ಬರಿಗೆ ಹೇಳಿ, ವೈದ್ಯರಿಗೆ ಹೇಳಿ, ಇಲ್ಲವೇ 14416ಕ್ಕೆ ಕರೆ ಮಾಡಿ. ಸಾಯುವ ಯೋಚನೆ ಬಂದರೆ ಅಂದೇ, ಆ ಗಂಟೆಯಲ್ಲೇ ಕರೆ ಮಾಡಿ.

ನಮ್ಮ ತೀರ್ಮಾನ

ರೋಗಿ ಏಳದಿದ್ದರೆ ಅದು ಆರೈಕೆ ಮಾಡುವವರ ತಪ್ಪು ಎಂಬ ಸಂದೇಶ ಸುಳ್ಳು. ನಮಗೆ ಬರೆದ ಓದುಗರಿಗೆ ಮೊದಲೇ ಇಷ್ಟು ಉತ್ತರಿಸಿದೆವು: ನಿಮ್ಮಿಂದ ತಪ್ಪಾಗಿಲ್ಲ. ಒಂದೂವರೆ ವರ್ಷ ಬೆಡ್‌ಸೋರ್ ಆಗದಂತೆ, ಎರಡನೇ ಸ್ಟ್ರೋಕ್ ಆಗದಂತೆ ಅವರನ್ನು ಕಾಪಾಡಿದ್ದೀರಿ. ಆ ಕೆಲಸ ಯಾವ ಫಾರ್ವರ್ಡ್‌ನಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದರೆ ಜಗಳ ಬೇಡ. ಅದರ ಕೆಳಗೆ ಹೀಗೆ ಬರೆಯಿರಿ: ‘ಈ ಶನಿವಾರ ರಾತ್ರಿ ನಾನು ಬಂದು ಮಲಗುತ್ತೇನೆ. ಭಾನುವಾರ ಯಾರು ಬರುತ್ತೀರಿ?’